ಶಬ್ದ ಅಣ್ಣ, ಬೆಳಕು ತಮ್ಮ

ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಅಂತ ಎಣಿಸೋದು ನಮ್ಮಲ್ಲಿ ಬಹಳ ಜನಕ್ಕೆ ಅಭ್ಯಾಸ. ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಮಿಂಚು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರದಲ್ಲಿ ಹೊಡೆದಿದೆ ಅಂತ ಲೆಕ್ಕ. ಈ ಲೆಕ್ಕದ ಒಳಗೆ ಒಂದು ಊಹೆ ಅಡಗಿ ಕೂತಿದೆ, ಗಮನಿಸಿದ್ದೀರಾ? ಬೆಳಕು ಬಂದು ನಮ್ಮನ್ನು ಮುಟ್ಟಲು ಹೊತ್ತೇ ಹಿಡಿಯುವುದಿಲ್ಲ ಅನ್ನೋ ಊಹೆ. ಅಂದರೆ ಶಬ್ದದ ವೇಗ ಅಳೆಯಲು ನಾವು ಬೆಳಕನ್ನು ಗಡಿಯಾರದ ಹಾಗೆ ಬಳಸಿಕೊಳ್ಳುತ್ತಿದ್ದೇವೆ.

ಪಿಯುಸಿ ಪುಸ್ತಕದಲ್ಲಿ ಶಬ್ದದ್ದು ಒಂದು ಪಾಠ, ಬೆಳಕಿನದು ಇನ್ನೊಂದು ಪಾಠ. ನಾನೂ ಹಾಗೇ ಬೇರೆ ಬೇರೆಯಾಗಿ ಉರು ಹೊಡೆದು ಪಾಸಾದವನು. ಎಂಜಿನಿಯರಿಂಗ್ ಮುಗಿದು, ಪರೀಕ್ಷೆಯ ಹಂಗು ತಪ್ಪಿದ ಮೇಲೆ ವಿಜ್ಞಾನದ ಇತಿಹಾಸ ಓದೋ ಚಟ ಹತ್ತಿಕೊಂಡಿತು. ಆಗ ಗೊತ್ತಾಗಿದ್ದು, ಇವೆರಡೂ ಬೇರೆ ಪಾಠಗಳಲ್ಲ, ಒಂದೇ ಮನೆಯ ಅಣ್ಣ ತಮ್ಮಂದಿರ ಕಥೆ ಅಂತ. ಶಬ್ದ ಮೊದಲು ಅರ್ಥವಾಯಿತು. ಅದರ ಬೆರಳು ಹಿಡಿದೇ ಬೆಳಕು ನಡೆಯಲು ಕಲಿತಿದ್ದು. ಆಮೇಲೆ ಒಂದು ಹಂತದಲ್ಲಿ ತಮ್ಮ ಅಣ್ಣನ ಕೈ ಕೊಡವಿಕೊಂಡು ತನ್ನದೇ ದಾರಿ ಹಿಡಿದ. ಇಬ್ಬರೂ ಮತ್ತೆ ಭೇಟಿಯಾದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು! ಈ ಕಥೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳೋಣ ಅನ್ನಿಸಿತು.

ನ್ಯೂಟನ್‌ನ ಲೆಕ್ಕ ತಾಳೆಯಾಗಲಿಲ್ಲ

1687ರಲ್ಲಿ ನ್ಯೂಟನ್ ತನ್ನ ಪ್ರಿನ್ಸಿಪಿಯಾ ಪ್ರಕಟಿಸಿದ. ಗಾಳಿಯ ಒತ್ತಡ ಮತ್ತು ಸಾಂದ್ರತೆ ಗೊತ್ತಿದ್ದರೆ ಶಬ್ದ ಎಷ್ಟು ವೇಗವಾಗಿ ಹೋಗಬೇಕು ಅನ್ನೋದನ್ನು ಬರೀ ಕಾಗದದ ಮೇಲೆ ಲೆಕ್ಕ ಹಾಕಬಹುದು ಎಂದು ಅದರಲ್ಲಿ ತೋರಿಸಿದ. ಅದಕ್ಕೆ ಮುಂಚೆ ಯಾರೂ ಮಾಡದ ಕೆಲಸ ಅದು. ಆದರೆ ಉತ್ತರ ಕಮ್ಮಿ ಬಂತು. 1713ರ ಎರಡನೇ ಆವೃತ್ತಿಯ ಹೊತ್ತಿಗೆ ಅವನ ಲೆಕ್ಕ ಸೆಕೆಂಡಿಗೆ 979 ಅಡಿ. ಅಷ್ಟರಲ್ಲಿ ಅಪ್‌ಮಿನ್‌ಸ್ಟರ್ ಎಂಬ ಊರಿನ ಪಾದ್ರಿ ವಿಲಿಯಂ ಡೆರಮ್ ದೂರದಲ್ಲಿ ಗುಂಡು ಹಾರಿಸಿ, ಚರ್ಚಿನ ಗೋಪುರದಿಂದ ಬೆಂಕಿಯ ಮಿಂಚು ನೋಡಿ, ಸದ್ದು ಬರುವವರೆಗೆ ಹೊತ್ತು ಅಳೆದು ಸೆಕೆಂಡಿಗೆ 1142 ಅಡಿ ಎಂದು ಹೇಳಿಬಿಟ್ಟಿದ್ದ.

979 ಎಲ್ಲಿ, 1142 ಎಲ್ಲಿ! ಈಗ ನ್ಯೂಟನ್ ಏನು ಮಾಡಿದ ನೋಡಿ. ಗಾಳಿಯ ಕಣಗಳು ಗಟ್ಟಿ, ಅವುಗಳ ಒಳಗೆ ಶಬ್ದ ಕ್ಷಣಮಾತ್ರದಲ್ಲಿ ದಾಟುತ್ತದೆ ಎಂದು ಹೇಳಿ ಒಂದಿಷ್ಟು ಸೇರಿಸಿದ. ಅದು 1088ಕ್ಕೆ ಬಂತು. ಗಾಳಿಯಲ್ಲಿರುವ ನೀರಾವಿ ಶಬ್ದದ ಚಲನೆಯಲ್ಲಿ ಪಾಲ್ಗೊಳ್ಳುವುದಿಲ್ಲ ಎಂದು ಹೇಳಿ ಇನ್ನೊಂದಿಷ್ಟು ಸೇರಿಸಿದ. ಸರಿಯಾಗಿ 1142 ಬಂದು ಕೂತಿತು! ಒಂದಡಿ ಹೆಚ್ಚಿಲ್ಲ, ಒಂದಡಿ ಕಮ್ಮಿಯಿಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಟೆಸ್ಟ್ ಪಾಸ್ ಆಗಲಿ ಅಂತ ಉತ್ತರವನ್ನೇ ಹಾರ್ಡ್‌ಕೋಡ್ ಮಾಡಿದ ಹಾಗೆ :-)

ನಿಜವಾದ ಕಾರಣ ಹೊಳೆದದ್ದು ಫ್ರಾನ್ಸಿನ ಲಾಪ್ಲಾಸ್‌ಗೆ, 1816ರಲ್ಲಿ ಪ್ರಕಟವಾದ ಬರಹದಲ್ಲಿ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗೋದು ನಮಗೆಲ್ಲ ಗೊತ್ತು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಸಡಿಲ ಬಿಟ್ಟರೆ ತಣ್ಣಗಾಗುತ್ತದೆ. ಶಬ್ದದ ಅಲೆ ಅಂದರೆ ಇದೇ ಒತ್ತು ಸಡಿಲು, ಒತ್ತು ಸಡಿಲು, ಸೆಕೆಂಡಿಗೆ ನೂರಾರು ಸಾವಿರಾರು ಸಲ. ಹುಟ್ಟಿದ ಬಿಸಿ ಅಕ್ಕಪಕ್ಕ ಹಂಚಿಹೋಗಲು ಪುರುಸೊತ್ತೇ ಇಲ್ಲ. ಆ ಬಿಸಿಯಿಂದ ಗಾಳಿ ಇನ್ನಷ್ಟು ಬಿಗಿಯಾಗಿ ವರ್ತಿಸುತ್ತದೆ, ಶಬ್ದ ಜೋರಾಗಿ ಓಡುತ್ತದೆ. ಉಷ್ಣತೆ ಒಂದೇ ಸಮ ಇರುತ್ತದೆ ಎಂದು ನ್ಯೂಟನ್ ಎಣಿಸಿದ್ದ. ಅಷ್ಟೇ ತೊಡಕು. ಅವನ ಸೂತ್ರದಲ್ಲಿ ಒತ್ತಡವನ್ನು 1.4ರಿಂದ ಗುಣಿಸಿದರೆ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 280 ಮೀಟರ್ ಇದ್ದದ್ದು 331ಕ್ಕೆ ಏರುತ್ತದೆ. ನಾವು ಬೋರ್ಡಿನಿಂದ ಎರಡು ಸಾಲಿನಲ್ಲಿ ಬರೆದುಕೊಂಡ 'ಲಾಪ್ಲಾಸ್ ತಿದ್ದುಪಡಿ' ಇದೇ. ಆ ಎರಡು ಸಾಲಿನ ನಡುವೆ 129 ವರ್ಷ ಇದೆ ಅಂತ ಯಾರೂ ಹೇಳಿರಲಿಲ್ಲ.

ಬೆಳಕಿಗೂ ಹೊತ್ತು ಬೇಕು

ಬೆಳಕಿನ ಕಥೆಗೆ ಬರೋಣ. ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಒಂದು ಉಪಾಯ ಹೇಳಿದ್ದ. ಇಬ್ಬರು ಲಾಂದ್ರ ಹಿಡಿದು ದೂರ ನಿಲ್ಲೋದು, ಒಬ್ಬ ಮುಚ್ಚಳ ತೆಗೆದದ್ದು ಕಂಡೊಡನೆ ಇನ್ನೊಬ್ಬನೂ ತೆಗೆಯೋದು. ಒಂದು ಮೈಲಿ ದೂರಕ್ಕೆ ಇದರಿಂದ ಏನೂ ತಿಳಿಯಲಿಲ್ಲ. ಭೂಮಿಯ ಮೇಲಿನ ದೂರ ಬೆಳಕಿಗೆ ಯಾವ ಲೆಕ್ಕಕ್ಕೂ ಸಾಲದು!

ಅದಕ್ಕೆ ಆಕಾಶವೇ ಬೇಕಾಯಿತು. ಪ್ಯಾರಿಸ್ಸಿನ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಓಲೆ ರೋಮರ್ ಗುರುಗ್ರಹದ ಅಯೋ ಎಂಬ ಚಂದ್ರನ ಗ್ರಹಣಗಳನ್ನು ನೋಡುತ್ತಿದ್ದ. ಭೂಮಿ ಗುರುವಿನಿಂದ ದೂರ ಸರಿಯುವಾಗ ಗ್ರಹಣಗಳು ತಡವಾಗುತ್ತಿದ್ದವು, ಹತ್ತಿರ ಬರುವಾಗ ಬೇಗ ಆಗುತ್ತಿದ್ದವು. 1676ರ ನವೆಂಬರ್ 9ರ ಗ್ರಹಣ ಹತ್ತು ನಿಮಿಷ ತಡವಾಗುತ್ತದೆ ಎಂದು ಮುಂಚೆಯೇ ಹೇಳಿದ. ಹಾಗೇ ಆಯಿತು. ಭೂಕಕ್ಷೆಯ ಅಡ್ಡಗಲ ದಾಟಲು ಬೆಳಕಿಗೆ 22 ನಿಮಿಷ ಬೇಕು ಎಂಬುದು ಅವನ ಲೆಕ್ಕ. ನಿಜವಾಗಿ ಬೇಕಿರುವುದು 17 ನಿಮಿಷದ ಒಳಗೆ. ಆದರೂ ಬೆಳಕಿಗೂ ವೇಗ ಇದೆ ಅನ್ನೋ ಸತ್ಯ ಗೆದ್ದಿತು.

ಹೊತ್ತು ಹಿಡಿಯುತ್ತದೆ ಅಂದ ಮೇಲೆ ಹೋಗುತ್ತಿರೋದು ಏನು? ಹಾಲೆಂಡಿನ ಹೈಗನ್ಸ್ ಶಬ್ದದ ಕಡೆ ಬೆರಳು ತೋರಿಸಿದ. 1690ರ ತನ್ನ ಪುಸ್ತಕದಲ್ಲಿ, ಬೆಳಕೂ ಶಬ್ದದ ಹಾಗೇ ಅಲೆ ಎಂದ. ಆದರೆ ಒಂದು ತಕರಾರು ಇತ್ತು. ಬಾಯ್ಲ್ 1660ರಲ್ಲೇ ಗಾಜಿನ ಪಾತ್ರೆಯಲ್ಲಿ ಗಡಿಯಾರ ತೂಗುಹಾಕಿ ಗಾಳಿ ತೆಗೆದು ತೋರಿಸಿದ್ದ. ಟಿಕ್ ಟಿಕ್ ನಿಂತುಹೋಗುತ್ತದೆ, ಗಡಿಯಾರ ಮಾತ್ರ ಚೆನ್ನಾಗಿ ಕಾಣುತ್ತಲೇ ಇರುತ್ತದೆ! ಗಾಳಿ ಇಲ್ಲದ ಕಡೆ ಶಬ್ದ ಸತ್ತಿತು, ಬೆಳಕು ಬದುಕಿತು. ಹಾಗಾದರೆ ಬೆಳಕು ಯಾವುದರ ಅಲೆ? ಎಲ್ಲೆಲ್ಲೂ ತುಂಬಿರುವ 'ಈಥರ್' ಎಂಬ ವಸ್ತುವಿನ ಅಲೆ ಅಂದ ಹೈಗನ್ಸ್. ಅಣ್ಣನಿಗೆ ಗಾಳಿ ಇದ್ದರೆ ತಮ್ಮನಿಗೂ ಏನೋ ಒಂದು ಇರಲೇಬೇಕಲ್ಲ! ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನ್ಯೂಟನ್ ಒಪ್ಪಲಿಲ್ಲ. ಶಬ್ದ ಮೂಲೆ ತಿರುಗಿಯೂ ಕೇಳುತ್ತದೆ, ಬೆಳಕು ಮಾತ್ರ ನೇರ ಹೋಗಿ ಖಡಕ್ ನೆರಳು ಬೀಳಿಸುತ್ತದೆ. ಅಲೆಯಾಗಿದ್ದರೆ ನೆರಳಿನೊಳಗೂ ನುಗ್ಗಬೇಕಿತ್ತು ಅಂತ ಅವನ ವಾದ. ತಪ್ಪಾದರೂ ಒಳ್ಳೆಯ ವಾದ ಅದು. ಬೆಳಕು ಕಣಗಳ ಧಾರೆ ಎಂಬ ಕಡೆಗೆ ಅವನು ವಾಲಿದ. ನ್ಯೂಟನ್ ಹೇಳಿದ ಮೇಲೆ ಮುಗಿಯಿತು! ನೂರು ವರ್ಷ ಹೆಚ್ಚಿನವರು ಬಾಯಿ ತೆರೆಯಲಿಲ್ಲ.

ಸದ್ದಿಗೆ ಸದ್ದು ಸೇರಿದರೆ ಮೌನ

ಬಾಯಿ ತೆರೆದವನು ಥಾಮಸ್ ಯಂಗ್ ಎಂಬ ಡಾಕ್ಟರು. ಈಜಿಪ್ಟಿನ ರೊಸೆಟ್ಟಾ ಶಿಲೆಯ ಲಿಪಿ ಬಿಡಿಸಲೂ ಕೈಹಾಕಿದ್ದ ಮಹಾನುಭಾವ. 1800ರಲ್ಲಿ ಅವನು ಓದಿದ ಪ್ರಬಂಧದ ವಿಷಯವೇ ಶಬ್ದ ಮತ್ತು ಬೆಳಕು, ಎರಡೂ ಒಟ್ಟಿಗೆ.

ತಂಬೂರಿ ಶ್ರುತಿ ಮಾಡುವಾಗ ಗಮನಿಸಿ. ಎರಡು ತಂತಿ ಇನ್ನೇನು ಒಂದೇ ಸ್ವರಕ್ಕೆ ಬರಬೇಕು, ಇನ್ನೂ ಬಂದಿಲ್ಲ, ಆಗ ನಾದ ಏರಿ ಇಳಿದು, ಏರಿ ಇಳಿದು 'ವಂವ್ ವಂವ್' ಎನ್ನುತ್ತದೆ. ಎರಡು ಅಲೆಗಳ ಉಬ್ಬು ಉಬ್ಬಿಗೆ ಸೇರಿದಾಗ ಸದ್ದು ಜೋರು, ಉಬ್ಬು ತಗ್ಗಿಗೆ ಸೇರಿದಾಗ ಕ್ಷೀಣ. ಸದ್ದಿಗೆ ಸದ್ದು ಕೂಡಿಸಿದರೆ ಮೌನವೂ ಹುಟ್ಟಬಹುದು. ಇದು ಅಲೆಗೆ ಮಾತ್ರ ಸಾಧ್ಯ. ಒಂದು ಮುಷ್ಟಿ ಅಕ್ಕಿಗೆ ಇನ್ನೊಂದು ಮುಷ್ಟಿ ಅಕ್ಕಿ ಹಾಕಿದರೆ ಬೊಗಸೆ ಖಾಲಿಯಾಗುತ್ತದೆಯೇ? ಬೆಳಕಿಗೆ ಬೆಳಕು ಕೂಡಿಸಿ ಕತ್ತಲೆ ತೋರಿಸಿದರೆ ಬೆಳಕು ಅಲೆ ಎಂದು ಸಾಬೀತಾದ ಹಾಗೆ.

ತೋರಿಸಿಯೂಬಿಟ್ಟ! 1803ರಲ್ಲಿ, ಕಿಟಕಿಯ ಸಣ್ಣ ತೂತಿನಿಂದ ಬಂದ ಬಿಸಿಲ ಎಳೆಗೆ ಒಂದು ತೆಳ್ಳನೆಯ ಕಾರ್ಡನ್ನು ಅಂಚು ಹಿಡಿದು ಅಡ್ಡ ಇಟ್ಟ. ಎರಡೂ ಬದಿಯಿಂದ ಬಾಗಿ ಬಂದ ಬೆಳಕು ನೆರಳಿನೊಳಗೆ ಪಟ್ಟೆಪಟ್ಟೆಯಾಗಿ ಕಂಡಿತು. ಒಂದು ಬದಿಯ ಬೆಳಕನ್ನು ಮುಚ್ಚಿದರೆ ಪಟ್ಟೆ ಮಾಯ. ಕೆಂಪು ಬೆಳಕಿನ ಅಲೆಯ ಉದ್ದ ಇಂಚಿನ ಸುಮಾರು 36,000ದ ಒಂದು ಭಾಗ, ನೇರಳೆಯದು ಸುಮಾರು 60,000ದ ಒಂದು ಭಾಗ ಎಂದು ಲೆಕ್ಕ ಹಾಕಿದ. ಇವತ್ತಿನ ಅಳತೆಗೂ ಅವು ಒಪ್ಪುತ್ತವೆ. ನ್ಯೂಟನ್‌ನ ಆಕ್ಷೇಪಣೆಗೂ ಇಲ್ಲೇ ಉತ್ತರ ಸಿಕ್ಕಿತು. ಶಬ್ದದ ಅಲೆ ಬಾಗಿಲಷ್ಟು, ಗೋಡೆಯಷ್ಟು ಉದ್ದ, ಹಾಗಾಗಿ ಸಲೀಸಾಗಿ ಮೂಲೆ ತಿರುಗುತ್ತದೆ. ಬೆಳಕಿನ ಅಲೆ ಅಷ್ಟು ಸಣ್ಣದು, ತಿರುಗಿದರೂ ಕೂದಲೆಳೆಯಷ್ಟು ತಿರುಗುತ್ತದೆ.

ಸಿಕ್ಕಿದ ಬಹುಮಾನ? ಎಡಿನ್‌ಬರೊ ರಿವ್ಯೂ ಪತ್ರಿಕೆಯಲ್ಲಿ ಹೆನ್ರಿ ಬ್ರೂಮ್ ಎಂಬಾತ ಹೆಸರು ಹಾಕದೆ ಯಂಗ್‌ನನ್ನು ಹಿಗ್ಗಾಮುಗ್ಗಾ ಜಾಡಿಸಿದ. ಯಂಗ್ ಉತ್ತರವಾಗಿ ಒಂದು ಕಿರುಪುಸ್ತಕ ಬರೆದ. ಅದರ ಒಂದೇ ಒಂದು ಪ್ರತಿ ಮಾರಾಟವಾಯಿತು ಎನ್ನುತ್ತಾರೆ. ಬೈದವನು ಮುಂದೆ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆದ. ಅನಾಮಧೇಯ ಟೀಕೆಗಳಿಗೆ ಅಂತರ್ಜಾಲವೇನೂ ಬೇಕಿರಲಿಲ್ಲ ನೋಡಿ!

ರಸ್ತೆ ಸೇತುವೆಯ ಎಂಜಿನಿಯರ್

ಯಂಗ್ ಬಿತ್ತಿದ್ದನ್ನು ಬೆಳೆಸಿದವನು ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್. ವೃತ್ತಿಯಿಂದ ಸಿವಿಲ್ ಎಂಜಿನಿಯರ್, ರಸ್ತೆ ಸೇತುವೆಗಳ ಸರ್ಕಾರಿ ಕೆಲಸ. ಬಿಡುವಿನಲ್ಲಿ ಭೌತಶಾಸ್ತ್ರ. (ಎಂಜಿನಿಯರಾಗಿ ನನಗೆ ಇವನ ಮೇಲೆ ಒಂಚೂರು ಪಕ್ಷಪಾತ ಇದೆ, ಮಾಫ್ ಮಾಡಿ.) ಪ್ಯಾರಿಸ್ಸಿನ ಅಕಾಡೆಮಿ ಬೆಳಕಿನ ಬಾಗುವಿಕೆ ಕುರಿತು ಒಂದು ಸ್ಪರ್ಧೆ ಇಟ್ಟಿತು. ತೀರ್ಪುಗಾರರಲ್ಲಿ ಲಾಪ್ಲಾಸ್, ಬಯೋ ಮತ್ತು ಪ್ವಾಸೋನ್ ಮೂವರೂ ಕಣವಾದಿಗಳು. ಫ್ರೆನೆಲ್ ಅಲೆಗಳ ಗಣಿತ ಬರೆದು ಕಳಿಸಿದ.

ಪ್ವಾಸೋನ್ ಗಣಿತದಲ್ಲಿ ಪ್ರಚಂಡ. ಇವನ ಸಮೀಕರಣ ಸರಿ ಅಂತಾದರೆ, ಒಂದು ದುಂಡನೆಯ ತಟ್ಟೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕಿ ಇರಬೇಕಾಗುತ್ತದೆ, ಇದು ಹಾಸ್ಯಾಸ್ಪದ ಅಂದ. ತಟ್ಟೆಯ ಅಂಚಿನ ಎಲ್ಲ ಬಿಂದುಗಳಿಂದಲೂ ನಡುಮಧ್ಯಕ್ಕೆ ಒಂದೇ ದೂರ, ಹಾಗಾಗಿ ಎಲ್ಲ ಅಲೆಗಳೂ ಹೆಜ್ಜೆ ಹಾಕಿಕೊಂಡೇ ಅಲ್ಲಿಗೆ ಬರುತ್ತವೆ, ಅದಕ್ಕೇ ಆ ಚುಕ್ಕಿ. ಮತ್ತೊಬ್ಬ ತೀರ್ಪುಗಾರ ಅರಾಗೋ ವಾದಕ್ಕೆ ಕೂರಲಿಲ್ಲ. ಎರಡು ಮಿಲಿಮೀಟರಿನ ಒಂದು ತಟ್ಟೆ ತಂದು ಮಾಡಿಯೇ ನೋಡಿದ. ಚುಕ್ಕಿ ಇತ್ತು! 1819ರಲ್ಲಿ ಬಹುಮಾನ ಫ್ರೆನೆಲ್‌ಗೆ. ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಗಳಿಗೆ ಇದು. ಹಿಂದೆ ನ್ಯೂಟನ್ ಉತ್ತರ ನೋಡಿಕೊಂಡು ಲೆಕ್ಕ ತಿದ್ದಿದ್ದ, ಇಲ್ಲಿ ಲೆಕ್ಕ ಹೇಳಿದ್ದನ್ನು ನೋಡಲು ಒಬ್ಬ ಎದ್ದು ಹೋದ.

ಅಣ್ಣನ ಕೈ ಬಿಟ್ಟಿದ್ದು

ಇಲ್ಲಿಗೆ ಕಥೆ ಮುಗಿಯಲಿಲ್ಲ. ಶಬ್ದದಲ್ಲಿ ಗಾಳಿ ಅಲುಗುವುದು ಅಲೆ ಹೋಗುವ ದಿಕ್ಕಿನಲ್ಲೇ, ಹಿಂದೆ ಮುಂದೆ. ಬೆಳಕೂ ಹಾಗೇ ಅಂತ ಯಂಗ್ ಮೊದಲು ನಂಬಿದ್ದ. ಆದರೆ 1808ರಲ್ಲಿ ಮಾಲ್ಯೂಸ್ ಒಂದು ವಿಚಿತ್ರ ಕಂಡಿದ್ದ. ಗಾಜಿನಿಂದ ಪ್ರತಿಫಲಿಸಿದ ಬೆಳಕನ್ನು ಒಂದು ಹರಳಿನ ಮೂಲಕ ನೋಡುತ್ತಾ ಹರಳನ್ನು ತಿರುಗಿಸಿದರೆ ಬೆಳಕು ಮಂಕಾಗುತ್ತದೆ, ಮತ್ತೆ ಹೊಳೆಯುತ್ತದೆ. ಅಂದರೆ ಬೆಳಕಿಗೆ 'ಪಕ್ಕ'ಗಳಿವೆ. ಹಿಂದೆ ಮುಂದೆ ಅಲುಗುವ ಅಲೆಗೆ ಪಕ್ಕ ಎಲ್ಲಿಂದ ಬರಬೇಕು? 1817ರಲ್ಲಿ ಯಂಗ್ ಅರಾಗೋಗೆ ಬರೆದ ಪತ್ರದಲ್ಲಿ, ಹಗ್ಗ ಜಾಡಿಸಿದಾಗ ಆಗುವಂಥ ಅಡ್ಡ ಅಲುಗಾಟ ಬೆಳಕಿನಲ್ಲೂ ಇರಬಹುದು ಎಂದು ಸೂಚಿಸಿದ. 1821ರಲ್ಲಿ ಫ್ರೆನೆಲ್ ಇನ್ನೂ ಮುಂದೆ ಹೋಗಿ, ಬೆಳಕು ಪೂರ್ತಿಯಾಗಿ ಅಡ್ಡ ಅಲೆಯೇ ಎಂದ.

ನೀರಿನಲ್ಲೂ ಅಣ್ಣ ತಮ್ಮಂದಿರ ದಾರಿ ಬೇರೆಯಾಯಿತು. 1826ರಲ್ಲಿ ಕೊಲಾಡೋನ್ ಮತ್ತು ಸ್ಟುರ್ಮ್ ಜಿನೀವಾ ಸರೋವರದಲ್ಲಿ ಗಂಟೆ ಮುಳುಗಿಸಿ ಬಾರಿಸಿ, ಅದೇ ಕ್ಷಣ ಮದ್ದಿಗೆ ಬೆಂಕಿ ಕೊಟ್ಟು, 13 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕಿವಿಗೊಟ್ಟರು. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ 1435 ಮೀಟರ್, ಗಾಳಿಗಿಂತ ನಾಲ್ಕು ಪಟ್ಟು ಮೀರಿ. ಬೆಳಕು? 1849ರಲ್ಲಿ ಫಿಜೋ 720 ಹಲ್ಲಿನ ಚಕ್ರವನ್ನು ಸೆಕೆಂಡಿಗೆ 12.6 ಸುತ್ತು ತಿರುಗಿಸಿ, 8,633 ಮೀಟರ್ ದೂರದ ಕನ್ನಡಿಗೆ ಹೋಗಿ ಬಂದ ಬೆಳಕು ಪಕ್ಕದ ಹಲ್ಲಿಗೆ ಬಡಿಯುವಂತೆ ಮಾಡಿ, ನೆಲದ ಮೇಲೇ ಬೆಳಕಿನ ವೇಗ ಅಳೆದ. ಸೆಕೆಂಡಿಗೆ 3 ಲಕ್ಷ 13 ಸಾವಿರ ಕಿಲೋಮೀಟರ್. ಮರುವರ್ಷ ಫೂಕೋ ನೀರಿನಲ್ಲಿ ಬೆಳಕು ಗಾಳಿಗಿಂತ ನಿಧಾನ ಎಂದು ತೋರಿಸಿದ. ಕಣವಾದದ ಪ್ರಕಾರ ನೀರಿನಲ್ಲಿ ಬೆಳಕು ವೇಗವಾಗಿ ಹೋಗಬೇಕಿತ್ತು!

ಆದರೆ ಈಥರ್ ಗತಿ? ಅಡ್ಡ ಅಲೆ ಹೋಗಬೇಕಾದರೆ ಈಥರ್ ಗಟ್ಟಿ ಇರಬೇಕು. ಗ್ರಹಗಳು ಅದರೊಳಗೆ ತಡೆಯಿಲ್ಲದೆ ಓಡಬೇಕಾದರೆ ಅದು ಏನೂ ಇಲ್ಲದಂತೆಯೂ ಇರಬೇಕು. 1865ರಲ್ಲಿ ಮ್ಯಾಕ್ಸ್‌ವೆಲ್ ಬೆಳಕು ವಿದ್ಯುತ್ಕಾಂತೀಯ ಅಲೆ ಎಂದು ಬರೆದ, ಅವನೂ ಈಥರ್ ಬಿಡಲಿಲ್ಲ. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಭೂಮಿಗೆ ಎದುರಾಗಿ ಬೀಸಬೇಕಿದ್ದ ಈಥರ್ ಗಾಳಿಯನ್ನು ಹುಡುಕಿದರು, ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅದರ ಅಗತ್ಯವೇ ಇಲ್ಲ ಎಂದ. ಅಣ್ಣನಿಗೆ ಗಾಳಿ ಬೇಕು, ತಮ್ಮನಿಗೆ ಏನೂ ಬೇಡ! ಇನ್ನೂರು ವರ್ಷ ದಾರಿ ತೋರಿಸಿದ ಹೋಲಿಕೆಯೇ ಕೊನೆಗೆ ಅಡ್ಡ ನಿಂತಿತ್ತು. (ಅದೇ ವರ್ಷ ಐನ್‌ಸ್ಟೈನ್ ಬೆಳಕಿಗೆ ಕಣದ ಗುಣವೂ ಉಂಟು ಎಂದು ಇನ್ನೊಂದು ಬಾಂಬು ಹಾಕಿದ. ಅದರ ಕಥೆಯೇ ಬೇರೆ, ಇಲ್ಲಿ ಬೇಡ.)

ತುತ್ತೂರಿಯವರ ರೈಲು

ನಡುವೆ ಒಂದು ಮಜವಾದ ಪ್ರಸಂಗ. 1842ರಲ್ಲಿ ಪ್ರಾಗ್ ನಗರದ ಡಾಪ್ಲರ್ ತನ್ನ ಸಿದ್ಧಾಂತ ಹೇಳಿದ್ದು ರೈಲಿನ ಸಿಳ್ಳೆಗಲ್ಲ, ಜೋಡಿ ನಕ್ಷತ್ರಗಳ ಬಣ್ಣಕ್ಕೆ. ನಂಬಿಕೆ ಬಾರದ ಹಾಲೆಂಡಿನ ಬೈಸ್ ಬ್ಯಾಲಟ್ 1845ರಲ್ಲಿ ತುತ್ತೂರಿ ಊದುವವರನ್ನು ರೈಲಿಗೆ ಹತ್ತಿಸಿ, ಸ್ವರಜ್ಞಾನ ಇದ್ದವರನ್ನು ಹಳಿಯ ಪಕ್ಕ ನಿಲ್ಲಿಸಿದ. ರೈಲು ಹತ್ತಿರ ಬರುವಾಗ ಸ್ವರ ಏರಿತು, ದಾಟಿ ಹೋಗುವಾಗ ಇಳಿಯಿತು. ಶಬ್ದಕ್ಕೆ ಡಾಪ್ಲರ್ ಹೇಳಿದ್ದು ಸರಿ, ನಕ್ಷತ್ರಗಳ ಬಣ್ಣಕ್ಕೆ ಅಲ್ಲ ಎಂದ. ಅದೂ ನಿಜವೇ, ನಕ್ಷತ್ರದ ಬಣ್ಣ ಬರುವುದು ಅದರ ಬಿಸಿಯಿಂದ. ಆದರೆ ನಕ್ಷತ್ರದ ರೋಹಿತದಲ್ಲಿರುವ ಕಪ್ಪು ಗೆರೆಗಳು ಜರುಗಬೇಕು ಎಂದು ಫಿಜೋ 1848ರಲ್ಲಿ ಹೇಳಿದ. 1868ರಲ್ಲಿ ಹಗಿನ್ಸ್ ಲುಬ್ಧಕ ನಕ್ಷತ್ರದಲ್ಲಿ ಆ ಜರುಗಾಟವನ್ನೇ ಹುಡುಕಿ ಅಳೆದ.

ಬೆಂಗಳೂರಿನಲ್ಲಿ ಮತ್ತೆ ಭೇಟಿ

ಕೊನೆಗೆ ನಮ್ಮೂರಿಗೆ ಬರೋಣ. ಸರ್ ಸಿ.ವಿ. ರಾಮನ್ ಅಂದರೆ ಬೆಳಕು ಅಂತ ನಮ್ಮ ಲೆಕ್ಕ. 1928ರ ಫೆಬ್ರವರಿ 28, 1930ರ ನೊಬೆಲ್. ಆದರೆ ಅವರು ಅದಕ್ಕೆ ಮುಂಚೆ ವರ್ಷಗಟ್ಟಲೆ ಕೆಲಸ ಮಾಡಿದ್ದು ಶಬ್ದದ ಮೇಲೆ, ಪಿಟೀಲು, ವೀಣೆ, ಮೃದಂಗಗಳ ಮೇಲೆ. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬಂದರು. 1934ರಲ್ಲಿ ಇಲ್ಲೇ ವಿಜ್ಞಾನ ಅಕಾಡೆಮಿ ಕಟ್ಟಿದರು.

ಅದರ ಪತ್ರಿಕೆಯಲ್ಲಿ 1935-36ರಲ್ಲಿ ರಾಮನ್ನರು ಮತ್ತು ಅವರ ಶಿಷ್ಯ ನಾಗೇಂದ್ರನಾಥ್ ಐದು ಕಂತುಗಳ ಲೇಖನ ಬರೆದರು. ವಿಷಯ ಏನು ಗೊತ್ತೇ? ಶಬ್ದದ ಅಲೆಗಳಿಂದ ಬೆಳಕು ಚೆದರುವುದು! ಒಂದು ಪಾತ್ರೆಯ ದ್ರವದೊಳಗೆ, ಕಿವಿಗೆ ಕೇಳಿಸದಷ್ಟು ತಾರಕದ ಶಬ್ದ ಹಾಯಿಸಿ ಅದಕ್ಕೆ ಅಡ್ಡಲಾಗಿ ಬೆಳಕು ಬಿಟ್ಟರೆ ತೆರೆಯ ಮೇಲೆ ಒಂದು ಚುಕ್ಕಿಯ ಬದಲು ಸಾಲು ಚುಕ್ಕಿಗಳು ಕಾಣುತ್ತವೆ. 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲೂಕಾ ಮತ್ತು ಬಿಕಾರ್ ಇದನ್ನು ಕಂಡಿದ್ದರು. ಅಷ್ಟೊಂದು ಚುಕ್ಕಿ ಏಕೆ, ಯಾವುದು ಎಷ್ಟು ಪ್ರಕಾಶ ಅನ್ನೋದು ಬಗೆಹರಿದಿರಲಿಲ್ಲ.

ರಾಮನ್-ನಾಥ್ ವಿವರಣೆ ಎಷ್ಟು ಸರಳ ನೋಡಿ. ಶಬ್ದ ಹೋಗುವಾಗ ದ್ರವ ಒಂದು ಕಡೆ ಒತ್ತು, ಒಂದು ಕಡೆ ಸಡಿಲು. ಒತ್ತಾದ ಕಡೆ ಬೆಳಕು ಚೂರು ನಿಧಾನ, ಸಡಿಲಾದ ಕಡೆ ಚೂರು ಬೇಗ. ನೆಟ್ಟಗೆ ಒಳಹೋದ ಬೆಳಕಿನ ಅಲೆಯ ಮುಖ ಹೊರಗೆ ಬರುವಾಗ ಮಡಿಕೆ ಮಡಿಕೆಯಾಗಿ, ಶೀಟು ಹೆಂಚಿನ ಹಾಗೆ ಇರುತ್ತದೆ. ಆ ಮಡಿಕೆಗಳೇ ಚುಕ್ಕಿಗಳನ್ನು ಮೂಡಿಸುತ್ತವೆ. ಚುಕ್ಕಿಗಳ ಪ್ರಕಾಶ ಬೆಸೆಲ್ ಫಲನಗಳ ವರ್ಗಕ್ಕೆ ತಕ್ಕಂತೆ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಈ ಹೆಸರು ಕೇಳಿದರೆ ಎಫ್‌ಎಂ ರೇಡಿಯೋ ನೆನಪಾಗಬೇಕು. ಅಲ್ಲಿ ಅಕ್ಕಪಕ್ಕದ ಕಂಪನಾಂಕಗಳಿಗೆ ಬರೆಯುವ ಗಣಿತವೂ ಅದೇ! ಮೂರನೇ ಕಂತಿನಲ್ಲಿ ಡಾಪ್ಲರ್ ಕೂಡ ಹಾಜರು. ಶಬ್ದ ಚಲಿಸುತ್ತಿರುವುದರಿಂದ ಪ್ರತಿ ಚುಕ್ಕಿಯ ಬೆಳಕಿನ ಕಂಪನಾಂಕ ಶಬ್ದದ ಕಂಪನಾಂಕದ ಒಂದು ಪಟ್ಟು, ಎರಡು ಪಟ್ಟು, ಮೂರು ಪಟ್ಟು ಹೀಗೆ ಜರುಗಿರುತ್ತದೆ.

ಆಗ ಲೇಸರ್ ಹುಟ್ಟಿರಲಿಲ್ಲ. ಇವತ್ತು ಲೇಸರ್ ಕಿರಣವನ್ನು ಶಬ್ದದಿಂದ ತಿರುಗಿಸುವ, ಹೊತ್ತಿಸಿ ಆರಿಸುವ ಸಾಧನಗಳಿವೆ. ಅವುಗಳ ಪಠ್ಯದಲ್ಲಿ 'ರಾಮನ್-ನಾಥ್' ಎಂಬ ಹೆಸರು ಈಗಲೂ ಇದೆ. ರಾಮನ್ ಪರಿಣಾಮದ ಹೆಸರು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲೇ ಹುಟ್ಟಿದ ಈ ಕೆಲಸ ಎಷ್ಟು ಜನಕ್ಕೆ ಗೊತ್ತು?

ನನಗೆ ಇದರಲ್ಲಿ ಕಂಡದ್ದು ಇಷ್ಟು. ಗೊತ್ತಿಲ್ಲದ್ದನ್ನು ಗೊತ್ತಿರುವುದಕ್ಕೆ ಹೋಲಿಸದೆ ಗತಿಯಿಲ್ಲ. ಶಬ್ದ ಗೊತ್ತಿಲ್ಲದಿದ್ದರೆ ಯಂಗ್‌ಗೆ ಬೆಳಕು ಹೊಳೆಯುತ್ತಿರಲಿಲ್ಲ. ಆದರೆ ಹೋಲಿಕೆ ಸಾಲ ಇದ್ದ ಹಾಗೆ, ಕೆಲಸ ಮುಗಿದ ಮೇಲೆ ತೀರಿಸಬೇಕು. ಈಥರ್ ಸಾಲ ತೀರಿಸಲು ಇನ್ನೂರು ವರ್ಷ ಬೇಕಾಯಿತು. ನಮ್ಮ ಪಾಠಗಳಲ್ಲಿ ಸಾಲ ಮಾಡಿದ್ದೂ ಇಲ್ಲ, ತೀರಿಸಿದ್ದೂ ಇಲ್ಲ, ಬರೀ ಕೊನೆಯ ಬ್ಯಾಲೆನ್ಸ್ ಮಾತ್ರ ಇದೆ. ಅದಕ್ಕೇ ಮಕ್ಕಳಿಗೆ ಬೋರಾಗೋದು ಅಂತ ನನ್ನ ಅನಿಸಿಕೆ. ನಿಮಗೇನನ್ನಿಸುತ್ತೆ?

ಅಂದ ಹಾಗೆ, ಮೃದಂಗದ ನಡುವಿನ ಕಪ್ಪು ಕರಣೆ ಇಲ್ಲದಿದ್ದರೆ ಅದಕ್ಕೆ ಶ್ರುತಿಯೇ ನಿಲ್ಲುತ್ತಿರಲಿಲ್ಲ. ಅದು ಯಾಕೆ ಅನ್ನೋದನ್ನೂ ರಾಮನ್ನರು ಬಿಡಿಸಿ ತೋರಿಸಿದ್ದಾರೆ. ಅದು ಇನ್ನೊಂದು ದಿನಕ್ಕೆ...